ಬಂದಿಲ್ಲ

ಮಂಗಳವಾರ ನಾಲ್ಕಕ್ಕೆ ಯೆಸ್ಟಿನ್ ಎಂದು
ನನ್ನ ರಿಜಿಸ್ಟರಿನಲ್ಲಿದೆ.
ನಾಲ್ಕೂ ಹತ್ತಾದರೆ ನಾನೊಂದು ಗೆರೆ ಎಳೆಯಬೇಕು,
ಗೆರೆಯ ಪಕ್ಕ ಬರೆಯಬೇಕು: ಬಂದಿಲ್ಲ.
ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ,
ಕೈಗೆ ರೂಢಿಯಾಗಿದೆ, ಹಲ್ಲುಜ್ಜಿದ ಹಾಗೆ.

ಆದರೆ ಕಿಟಕಿಯಾಚೆ, ರಸ್ತೆಯ ಆ ಬದಿ,
ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ
ಬೂದು ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡು
ಕೂತಿದ್ದಾನಲ್ಲ,
ಅವನು ಯಾರು ಮತ್ತೆ?

ಹೋಲಿಹೆಡ್ಡಿನ ಗಾಳಿ ನಿಮಗೆ ಗೊತ್ತಿಲ್ಲ.
ಕಡಲಹಕ್ಕಿ ಮುಂದಕ್ಕೆ ಹಾರುತ್ತ ಹಾರುತ್ತ
ಹಿಂದಕ್ಕೆ ಹೋಗುತ್ತದೆ.
ಆ ಗಾಳಿಯಲ್ಲಿ ಐವತ್ತು ನಿಮಿಷ ಕೂತು
ಡಬ್ಲಿನ್ ಹಡಗಿಗೆ ಹೊರಟ ಲಾರಿಗಳನ್ನು ಎಣಿಸಿ
ಐದಕ್ಕೆ ಹತ್ತು ನಿಮಿಷ ಇರುವಾಗ ಎದ್ದು
ಬಸ್ಸು ಹತ್ತುತ್ತಾನೆ.
ಹೇಗಾಯ್ತು ಇವತ್ತು, ಎಂದು ಕೇಳುತ್ತಾಳಂತೆ ಅಮ್ಮ.
ಚೆನ್ನಾಗಾಯ್ತು, ಅನ್ನುತ್ತಾನಂತೆ.

ಮೇಲಿನ ಕೋಣೆಯಲ್ಲಿ ರೋಸಲಿಂಡ್
ಎರಡು ಕುರ್ಚಿಗಳನ್ನು ಎದುರುಬದುರಲ್ಲ, ತುಸು ಓರೆಯಾಗಿ ಹಾಕಿ
ಕಾಯುತ್ತಾಳೆ. ಟೀ ಆರುತ್ತದೆ.
ಅವಳ ಹಾಳೆಯಲ್ಲಿ ಕಾರಣಕ್ಕೆ ನಾಲ್ಕು ಚೌಕ:
ಗುಣವಾಗಿದೆ. ಆಸಕ್ತಿ ಇಲ್ಲ. ಊರು ಬಿಟ್ಟಿದ್ದಾರೆ. ಇತರೆ.
ನಾನೇನು ತಪ್ಪು ಕೇಳಿದೆ ಗ್ಲೆನಿಸ್, ಅಂದಳು ಒಮ್ಮೆ
ಮೆಟ್ಟಿಲಿಳಿದು ಬಂದು.
ನನಗೇನು ಗೊತ್ತು, ನಾನು ಫೋನು ಎತ್ತುವವಳು.

ಮೂರನೇ ಮಂಗಳವಾರ ಎರಡು ಲೋಟ ಹಿಡಿದು ರಸ್ತೆ ದಾಟಿದೆ.
ದಾಟಬಾರದು, ನಿಯಮವಿದೆ.
ನಮ್ಮ ವೆಲ್ಷಿನಲ್ಲೇ ಮಾತಾಡಿಸಿದೆ.
ರೋಸಲಿಂಡಳಿಗೆ ಬಾರದ್ದು ಅದೊಂದೇ:
ಅಳು ಹುಟ್ಟುವ ಭಾಷೆ ಒಂದು, ಆ ಕೋಣೆಯ ಭಾಷೆ ಇನ್ನೊಂದು,
ಅದಕ್ಕೇ ಹುಡುಗ ಹತ್ತುತ್ತಿಲ್ಲ ಎಂದು
ನಾನೇ ತೀರ್ಪು ಕೊಟ್ಟಾಗಿತ್ತು.
ವೆಲ್ಷಿನಲ್ಲೂ ಅವನು ಹೇಳಿದ್ದು
ಬಿಸಿ ಇದೆ, ಅಷ್ಟೇ.

ಆಮೇಲೆ ಎಷ್ಟೋ ಹೊತ್ತಿಗೆ, ಲೋಟಕ್ಕೆ ಹೇಳುವ ಹಾಗೆ:
ಅವರು ಒಳ್ಳೆಯವರು.
ನಾನು ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ.
ಮನೆಯಲ್ಲಿ ಆಗಲೇ ಒಂದು ಮುಖ ಇದೆ,
ಬೆಳಿಗ್ಗೆ ಸಂಜೆ ನೋಡಿಕೊಳ್ಳಬೇಕು.
ಇನ್ನೊಂದನ್ನು ಎಲ್ಲಿ ಸಾಕಲಿ?

ಒಂದು ಸಲ ನಮ್ಮ ನಾಯಿಯ ವಿಚಾರ ಹೇಳಿದೆ.
ಬರೆದುಕೊಂಡರು.
ರಾತ್ರಿಯೆಲ್ಲ ಯೋಚನೆ,
ಅದು ಈಗ ಯಾವ ಡ್ರಾಯರಿನಲ್ಲಿ ಮಲಗಿದೆಯೋ.

ಪೆಟ್ಟಿಗೆಯಲ್ಲಿರುವುದನ್ನೆಲ್ಲ ತೆಗೆಸುತ್ತಾರೆ, ಗ್ಲೆನಿಸ್.
ಇನ್ನು ಐದು ನಿಮಿಷ ಅನ್ನುವಾಗ ಗಡಿಯಾರ ನೋಡುತ್ತಾರೆ,
ಬೇಕೆಂದಲ್ಲ, ಕಣ್ಣು ಹೋಗುತ್ತದೆ.
ತುರುಕಿಕೊಂಡು ಹೊರಡಬೇಕು.
ಯಾವಾಗಲೂ ಒಂದು ಅಂಗಿಯ ತೋಳು
ಹೊರಗೇ ಉಳಿದಿರುತ್ತದೆ.
ಬಸ್ಸಿನಲ್ಲಿ ನಮ್ಮ ಶಾಲೆಯವರಿರುತ್ತಾರೆ.

ಮತ್ತೆ ಇಲ್ಲಿಗೆ ಯಾಕೆ ಬರುತ್ತೀಯಪ್ಪ, ಎರಡು ಬಸ್ಸು ಬದಲಿಸಿ?
ಹಡಗು ಕೂಗಿತು. ಅದು ಮುಗಿಯುವ ತನಕ ಕಾದ.
ಮಂಗಳವಾರ ಅಲ್ವಾ, ಅಂದ.

ರೋಸಲಿಂಡಳಿಗೆ ಹೇಳಬೇಕಿತ್ತು.
ಹೇಳಲಿಲ್ಲ. ನನ್ನ ಡ್ರಾಯರಿನಲ್ಲಿ
ಇನ್ನೊಂದು ನಾಯಿ ಮಲಗಿದ ಹಾಗಾಯಿತು.

ಮೂರು ಸಲ ತಪ್ಪಿದರೆ ಹೆಸರು ತೆಗೆಯಬೇಕು.
ತೆಗೆದೆವು. ಆ ನಾಲ್ಕು ಗಂಟೆ ಈಗ
ಏಳು ತಿಂಗಳು ಕಾದಿದ್ದ ಹುಡುಗಿಯೊಬ್ಬಳದು,
ಬರುತ್ತಾಳೆ, ಹತ್ತುತ್ತಾಳೆ, ಇಳಿಯುವಾಗ ಬಾಗಿಲು ದೂಡುವ ಬದಲು ಎಳೆಯುತ್ತಾಳೆ.
ಅವನೂ ಬರುತ್ತಲೇ ಇದ್ದ,
ಫೆಬ್ರವರಿಯವರೆಗೆ, ಬೆಂಚಿಗೆ.

ಈಗಿಲ್ಲ.
ಗುಣವಾಗಿರಬಹುದು.
ಯಾವುದೋ ಅಂಗಡಿಯಲ್ಲಿ ಟೋಪಿ ತೆಗೆದಿಟ್ಟು
ಮೀನು ಕರಿಯುತ್ತಿರಬಹುದು.
ಬೇರೇನಾದರೂ ಇರಬಹುದು, ಅದನ್ನು ನಾನು
ಕೊನೆಯ ತನಕ ಯೋಚಿಸುವುದಿಲ್ಲ.

ಬೆಂಚಿಗೆ ರಿಜಿಸ್ಟರಿಲ್ಲ.
ನಾಲ್ಕೂ ಹತ್ತಕ್ಕೆ ತಲೆಯೆತ್ತುತ್ತೇನೆ.
ತರಕಾರಿ ಚೀಲದ ಮುದುಕಿ, ಒದ್ದೆ ಪೇಪರು, ಗಾಳಿ.
ಪೆನ್ನು ಕೈಯಲ್ಲೇ ಇರುತ್ತದೆ.